ವಾರ್ನಿಂಗ್ ಇಲ್ಲದ ರಜೆ ಚೀಟಿ

ಹುಷಾರಪ್ಪನ ಆ ದಿನ ಹಾಳಾದದ್ದು ಒಂದೇ ಒಂದು ಮಾತಿನಿಂದ. ಆ ಮಾತನ್ನು ಆಡಿದವನೂ ಅವನೇ. ಬೇರೆ ಯಾರಾದರೂ ಆಡಿದ್ದರೆ ಶಪಿಸುವುದಕ್ಕಾದರೂ ಒಬ್ಬರು ಸಿಗುತ್ತಿದ್ದರು.

ಹುಷಾರಪ್ಪ ಎಂಬುದು ಅವನಿಗೆ ಹೆತ್ತವರು ಇಟ್ಟ ಹೆಸರಲ್ಲ. ಚೀಟಿ ಮುದ್ರಿಸುವ ಯಂತ್ರಗಳನ್ನು ತಯಾರಿಸುವ ಒಂದು ಸಣ್ಣ ಕಂಪನಿಯಲ್ಲಿ ಅವನಿಗೆ ಕೆಲಸ. ಆಸ್ಪತ್ರೆಯ ಟೋಕನ್ನು, ಗಾಡಿ ನಿಲ್ಲಿಸುವ ಜಾಗದ ಚೀಟಿ, ಇಂಥವನ್ನೆಲ್ಲ ಉಗುಳುವ ಪೆಟ್ಟಿಗೆಗಳೊಳಗೆ ಕೂತಿರುವ ಕೋಡನ್ನು ಸಿ ಭಾಷೆಯಲ್ಲಿ ಬರೆಯುವವನು ಅವನು. ಆ ಕೋಡನ್ನು ಓದಿ ಯಂತ್ರಕ್ಕೆ ತಿಳಿಯುವ ಭಾಷೆಗೆ ತಿರುಗಿಸುವುದು, ಅನುಮಾನ ಬಂದಲ್ಲಿ ವಾರ್ನಿಂಗ್ ಕೊಡುವುದು ಕಂಪೈಲರ್ ಎಂಬ ಪ್ರೋಗ್ರಾಮಿನ ಕೆಲಸ. ಯಾರು ಏನು ಮಾಡಹೊರಟರೂ, ಒಂದು ಲೋಟ ನೀರು ಎತ್ತಿದರೂ ಸಹ, "ಹುಷಾರಪ್ಪಾ, ನೋಡ್ಕೊಂಡು" ಎನ್ನುವುದು ಅವನ ಚಾಳಿ. ಹೀಗೆ ಊರಿಗೆಲ್ಲ ಹಂಚಿದ ಮಾತು ಕೊನೆಗೆ ಅವನ ಹಣೆಗೇ ಅಂಟಿಕೊಂಡಿತ್ತು. ನಿಜವಾದ ಹೆಸರು ಸಂಬಳದ ದಿನ ಮಾತ್ರ ಕಚೇರಿಯ ನೆನಪಿಗೆ ಬರುತ್ತಿತ್ತು.

ಅಂದು ಬೆಳಿಗ್ಗೆ ಚಪ್ಪಲಿ ಮೆಟ್ಟುವಾಗಲೇ ಹೆಂಡತಿ ಬಾಗಿಲಿಗೆ ಅಡ್ಡ ನಿಂತಿದ್ದಳು.

"ರೀ, ಸಂಜೆ ಆರಕ್ಕೆ ಬಸ್ಸು. ಐದಕ್ಕೆ ನಾನೇ ಆಟೋ ತಗೊಂಡು ನಿಮ್ಮ ಆಫೀಸ್ ಗೇಟಿಗೆ ಬರ್ತೀನಿ. ನೀವು ಹೊರಗಡೆ ನಿಂತಿರಬೇಕು."

"ನಿಂತಿರ್ತೀನಿ ಅಂತ ರಾತ್ರಿಯಿಂದ ಹೇಳ್ತಾ ಇದ್ದೀನಲ್ಲ."

"ನನ್ನ ತಮ್ಮನ ಮದುವೇಲೂ ಹೇಳಿದ್ರಿ."

ಬಾಮೈದನ ಮದುವೆಯ ದಿನವೇ ಎಲ್ಲೋ ಒಂದು ಯಂತ್ರ ಕೈಕೊಟ್ಟು, ಅದರ ಮುಂದೆ ಕೂತು ಅವನು ಮುಹೂರ್ತ ಕಳೆದಿದ್ದ. ಮನೆಮಂದಿಯೆಲ್ಲ ಸಾಲಾಗಿ ಕೂತ ಫೋಟೋದಲ್ಲಿ ಹೆಂಡತಿಯ ಪಕ್ಕಕ್ಕೆ ಒಂದು ಖಾಲಿ ಕುರ್ಚಿ ಬಿದ್ದಿತ್ತು. ಬೇರೆ ಯಾರಾದರೂ ಆಗಿದ್ದರೆ ಆ ಫೋಟೋವನ್ನು ಪೆಟ್ಟಿಗೆಯ ತಳಕ್ಕೆ ಸೇರಿಸುತ್ತಿದ್ದರು. ಅವಳು ಅದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಅವನು ಊಟಕ್ಕೆ ಕೂರುವ ಜಾಗದ ಎದುರು ಗೋಡೆಗೆ ತೂಗುಹಾಕಿದ್ದಳು. ಈಗ ನಾದಿನಿಯ ಮದುವೆ. ಮಾವನಿಗೆ ಇನ್ನು ಮದುವೆ ಮಾಡಲು ಮಕ್ಕಳು ಉಳಿದಿರಲಿಲ್ಲವಾದ್ದರಿಂದ ಮಾನ ಉಳಿಸಿಕೊಳ್ಳಲು ಇದೇ ಕೊನೆಯ ಅವಕಾಶ ಎಂಬುದು ಅವನಿಗೂ ಗೊತ್ತಿತ್ತು.

ಕಚೇರಿಯಲ್ಲಿ ಬೆಳಗಿನ ಸಭೆ ಆಗಲೇ ಕಾವೇರಿತ್ತು. ಹಿಂದಿನ ದಿನ ಒಂದು ಆಸ್ಪತ್ರೆಯ ಟೋಕನ್ ಯಂತ್ರ ರೋಗಿಯೊಬ್ಬರಿಗೆ ಸೊನ್ನೆಗಿಂತ ಇನ್ನೂರು ಕೋಟಿ ಕೆಳಗಿನ ನಂಬರು ಕೊಟ್ಟಿತ್ತಂತೆ. ಆ ಕೋಡ್ ಬರೆದವನು ಹುಷಾರಪ್ಪನ ಪಕ್ಕದ ಮೇಜಿನವನು. ಕೇಳದೆಯೇ ಎಲ್ಲರಿಗೂ ಬುದ್ಧಿ ಹೇಳುವ ಅವನನ್ನು ಎಲ್ಲರೂ ಸಲಹೆ ಎಂದೇ ಕರೆಯುತ್ತಿದ್ದರು. ಹುಷಾರಪ್ಪನಿಗೂ ಸಲಹೆಗೂ ಬಹಳ ದಿನದ ಹಗೆ. ಹುಷಾರಪ್ಪ ಎದ್ದು ಹೋದರೆ ಅವನ ಕುರ್ಚಿಯಲ್ಲಿ ಸಲಹೆ ಕೂತಿರುತ್ತಿದ್ದ. ಅವನ ಟೀ ತಣ್ಣಗಾಗುವ ಮೊದಲೇ ಸಲಹೆ ಕುಡಿದಿರುತ್ತಿದ್ದ. ಕೇಳಿದರೆ, "ಸುಮ್ಮನೆ ದಂಡ ಆಗ್ಬಾರದು ಅಂತ" ಎನ್ನುತ್ತಿದ್ದ.

ಅಂಥವನು ಇವತ್ತು ತಲೆ ತಗ್ಗಿಸಿ ಕೂತಿರುವುದನ್ನು ಕಂಡು ಹುಷಾರಪ್ಪನ ನಾಲಿಗೆ ತುರಿಸಿತು.

"ಸರ್, ಕಂಪೈಲರ್ ಮೊದಲೇ ವಾರ್ನಿಂಗ್ ಕೊಟ್ಟಿರುತ್ತೆ. ನೋಡೋರಿಲ್ಲ ಅಷ್ಟೇ. ನನ್ನ ಕೇಳಿದ್ರೆ, ಒಂದೇ ಒಂದು ವಾರ್ನಿಂಗ್ ಇದ್ರೂ ಯಂತ್ರ ನಮ್ಮ ಬಾಗಿಲು ದಾಟಬಾರದು. ವಾರ್ನಿಂಗ್ ಇಲ್ಲ ಅಂದ್ರೆ ಕಣ್ಣು ಮುಚ್ಕೊಂಡು ನಂಬಬಹುದು."

ಇದೇ ಆ ಮಾತು.

ಮ್ಯಾನೇಜರಿಗೆ ಗೋಡೆಗೆ ಅಂಟಿಸಲು ಒಪ್ಪುವಂಥ ವಾಕ್ಯಗಳೆಂದರೆ ಪ್ರಾಣ. ಸಭೆ ಮುಗಿಯುವಷ್ಟರಲ್ಲಿ ಹುಷಾರಪ್ಪನ ಮಾತು ದಪ್ಪ ಅಕ್ಷರಗಳಲ್ಲಿ ಮುದ್ರಣವಾಗಿ ಬಂದಿತ್ತು. ಅಷ್ಟೇ ಅಲ್ಲ, ಆಸ್ಪತ್ರೆಯವರು ವಾಪಸು ಕಳಿಸಿದ್ದ ಕೆಂಪಂಕಿಯ ಬೋರ್ಡೊಂದನ್ನು ಕಚೇರಿಯ ಹಾಲ್‌ನ ನಡುವೆ ತೂಗುಹಾಕಿಸಿ, ಎಷ್ಟು ವಾರ್ನಿಂಗ್ ಇದೆ ಎಂಬುದು ಎಲ್ಲರಿಗೂ ಕಾಣುವ ಹಾಗೆ ಮಾಡಿದರು.

"ಇವತ್ತಿಂದಲೇ ಶುರು. ಮೊದಲು ನಿಮ್ಮ ರಜೆ ಯಂತ್ರದಿಂದಲೇ ಆಗಲಿ" ಎಂದು ಮ್ಯಾನೇಜರು ಹುಷಾರಪ್ಪನ ಬೆನ್ನು ತಟ್ಟಿದರು.

ರಜೆ ಯಂತ್ರವನ್ನು ಕೇಳಿದ್ದು ಒಂದು ದೊಡ್ಡ ಕಾರ್ಖಾನೆ. ಯಾರಿಗೆ ಎಷ್ಟು ದಿನ ರಜೆ, ಅವರ ಕೆಲಸ ನೋಡಿಕೊಳ್ಳುವವರು ಯಾರು ಎಂದು ಅದು ಚೀಟಿ ಮುದ್ರಿಸುತ್ತದೆ. ಕೆಲಸದ ಹೊತ್ತಿನಲ್ಲಿ, ರಜೆ ಚೀಟಿ ಸಿಕ್ಕವರ ಗುರುತಿನ ಕಾರ್ಡಿಗೆ ಮಾತ್ರ ಗೇಟು ತೆರೆಯುತ್ತದೆ. ಸಂಜೆ ಕಾರ್ಖಾನೆಯ ಅಧಿಕಾರಿ ನೋಡಲು ಬರುವವರಿದ್ದರು. ಅವರ ಕಣ್ಣೆದುರು, ಈ ಕಚೇರಿಯ ಗೇಟಿನಲ್ಲೇ, ಮೊದಲ ಚೀಟಿಯಾಗಿ ಹುಷಾರಪ್ಪನ ನಾಲ್ಕು ದಿನದ ರಜೆಯೇ ಮುದ್ರಣವಾಗಬೇಕೆಂದು ಗೊತ್ತಾಗಿತ್ತು. ಅವನ ಬದಲಿಗೆ ಕೆಲಸ ನೋಡಿಕೊಳ್ಳಬೇಕಾದವನು ಸಲಹೆ. ಅದಕ್ಕವನು ವಾರದಿಂದ ಗೊಣಗುತ್ತಿದ್ದ.

ಹುಷಾರಪ್ಪನಿಗೆ ಹೆದರಿಕೆಯೇನೂ ಇರಲಿಲ್ಲ. ಅವನ ಕೋಡಿನಲ್ಲಿ ಒಂದು ವಾರ್ನಿಂಗೂ ಬಂದದ್ದಿಲ್ಲ. ಬೋರ್ಡಿನ ಮೇಲೆ ದುಂಡನೆಯ ಸೊನ್ನೆ ಹೊಳೆಯುತ್ತಿತ್ತು. ಅದನ್ನು ನೋಡುತ್ತ ಅವನು ಕಾಲ ಮೇಲೆ ಕಾಲು ಹಾಕಿ ಕೂತ.

ಆಗ ಬಂದಳು ಅಕ್ಕ. ತಯಾರಾದ ಯಂತ್ರಗಳನ್ನು ಪರೀಕ್ಷೆ ಮಾಡಿ ತಪ್ಪು ಹುಡುಕುವುದು ಅವಳ ಕೆಲಸ. ಮ್ಯಾನೇಜರಿಗಿಂತ ಮೊದಲೇ ಕಂಪನಿಗೆ ಸೇರಿದವಳಾದ್ದರಿಂದ ಮ್ಯಾನೇಜರಿಗೂ ಅವಳು ಅಕ್ಕನೇ.

"ಅಲ್ಲಪ್ಪಾ, ಎಲ್ಲರ ಕೋಡ್‌ನಲ್ಲೂ ವಾರ್ನಿಂಗ್ ಬರುತ್ತೆ, ನಿನ್ನದ್ರಲ್ಲಿ ಯಾಕೆ ಬರಲ್ಲ?"

"ಹುಷಾರಾಗಿ ಬರೀತೀನಿ ಅಕ್ಕ."

"ಅದಲ್ಲ ಕಣೋ. ನೀನು ಎಲ್ಲೂ ಪ್ರಿಂಟ್ಎಫ್ ಬಳಸಿಲ್ಲ. ಎಲ್ಲಾ ಕಡೆ ನೀನೇ ಮಾಡ್ಕೊಂಡಿರೋ 'ಚೀಟಿಬರೆ' ಅನ್ನೋ ಫಂಕ್ಷನ್ ಇದೆ. ಅದನ್ನ ಕಂಪೈಲರ್ ನೋಡ್ತಾನೇ ಇಲ್ಲ."

ವಿಷಯ ಇಷ್ಟೇ. ಸಿ ಭಾಷೆಯಲ್ಲಿ ಏನನ್ನಾದರೂ ಮುದ್ರಿಸಬೇಕಾದರೆ ಮೊದಲು ಒಂದು ವಾಕ್ಯ ಕೊಡಬೇಕು. ಅದರ ನಡುನಡುವೆ ಖಾಲಿ ಜಾಗ ಬಿಟ್ಟು, ಇಲ್ಲಿ ಹೆಸರು, ಇಲ್ಲಿ ಸಂಖ್ಯೆ ಎಂದು ಗುರುತು ಹಾಕಬೇಕು. ಆಮೇಲೆ ಆ ಜಾಗಗಳಿಗೆ ತುಂಬುವ ಸಾಮಾನನ್ನು ಸಾಲಾಗಿ ಕೊಡಬೇಕು, ಎಷ್ಟು ಬೇಕಾದರೂ. ಮುದ್ರಿಸುವ ಆಳು, ಅಂದರೆ ಫಂಕ್ಷನ್ನು, ಮಾತ್ರ ಪರಮ ವಿಧೇಯ. ಕಾಲಿಗೆ ಎಂದು ಹೇಳಿ ಟೋಪಿ ಕೊಟ್ಟರೆ ಟೋಪಿಯನ್ನೇ ಕಾಲಿಗೆ ಸಿಕ್ಕಿಸಿಕೊಂಡು ನಡೆದುಬಿಡುತ್ತದೆ. ಜಾಗಕ್ಕೂ ಸಾಮಾನಿಗೂ ಹೊಂದುತ್ತದೆಯೇ ಎಂದು ಮೊದಲೇ ನೋಡಿ ಎಚ್ಚರಿಸುವವನು ಕಂಪೈಲರ್. ಆದರೆ ಅವನಿಗೆ ಪರಿಚಯವಿರುವುದು ಭಾಷೆಯ ಜೊತೆಗೇ ಬಂದ ಪ್ರಿಂಟ್ಎಫ್‌ನಂಥ ಹಳೆಯ ನೆಂಟರು ಮಾತ್ರ. ನಾವೇ ಮಾಡಿಕೊಂಡ ಫಂಕ್ಷನ್ನು ಕೂಡ ಅದೇ ಕುಲದ್ದು ಎಂದು ಒಂದು ಸಾಲು ಬರೆದು ಪರಿಚಯ ಮಾಡಿಸದಿದ್ದರೆ ಅವನು ಆ ಕಡೆ ತಿರುಗಿಯೂ ನೋಡುವುದಿಲ್ಲ.

"ಆ ಒಂದು ಸಾಲು ನಾನು ಹಾಕ್ಲಾ?" ಎಂದಳು ಅಕ್ಕ. ಕೇಳುವಷ್ಟರಲ್ಲಿ ಹಾಕಿಯೂ ಆಗಿತ್ತು.

ಬೋರ್ಡಿನ ಸೊನ್ನೆ ಒಮ್ಮೆ ಮಿಟುಕಿ, ಇನ್ನೂರು ಚಿಲ್ಲರೆಗೆ ಹೋಗಿ ನಿಂತಿತು.

ಹಾಲಿನಲ್ಲಿದ್ದ ಕುರ್ಚಿಗಳೆಲ್ಲ ಏಕಕಾಲಕ್ಕೆ ತಿರುಗಿದ ಸದ್ದು ಕೇಳಿಸಿತು. ಹುಷಾರಪ್ಪ ಕಾಲನ್ನು ಕಾಲಿನಿಂದ ಇಳಿಸಿದ. ಮೊದಲು ಓಡಿಬಂದವನು ಸಲಹೆ. ಅವನ ಮುಖದಲ್ಲಿ ಬೆಳಗಿನ ಕಳೆಗುಂದಿದ ಛಾಯೆ ಒಂದಿಷ್ಟೂ ಉಳಿದಿರಲಿಲ್ಲ.

"ನನ್ನ ಸಲಹೆ ಕೇಳಿ. ಆ ಸಾಲನ್ನೇ ಅಳಿಸಿಬಿಡಿ."

"ಅಳಿಸಿದ್ರೆ ನಾನು ಸುಮ್ನಿರ್ತೀನಾ?" ಎಂದು ಅಕ್ಕ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡಳು.

"ಹಾಗಾದ್ರೆ ಜಬರ್ದಸ್ತಿ ಮಾಡಿ. ಹೆಸರು ಇರೋ ಕಡೆ, ಇದನ್ನ ಸಂಖ್ಯೆ ಅಂತಲೇ ತಿಳ್ಕೋ ಅಂತ ಕಂಪೈಲರ್‌ಗೆ ಆರ್ಡರ್ ಮಾಡಿಬಿಡಿ. ಬಾಯಿ ಮುಚ್ಕೊಳ್ಳುತ್ತೆ."

ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ಹುಷಾರಪ್ಪ ಹಾಗೇ ಮಾಡಿದ. ಕಂಡಕಂಡಲ್ಲಿ ಬಲವಂತ ಮಾಡುತ್ತ ಹೋದಂತೆ ಬೋರ್ಡಿನ ಅಂಕಿ ಇಳಿಯುತ್ತ ಬಂತು. ಎಲ್ಲರೂ ತಲೆದೂಗಿದರು. ಊಟದ ಹೊತ್ತಿಗೆ ಮ್ಯಾನೇಜರೇ ಬಂದು ಒಂದು ಚೀಟಿ ಮುದ್ರಿಸಿ ನೋಡೋಣ ಎಂದರು.

ಯಂತ್ರ ಗರ್ರೆಂದು ಚೀಟಿಯನ್ನು ಹೊರಗೆ ಹಾಕಿತು. ಮ್ಯಾನೇಜರು ಕನ್ನಡಕ ಸರಿಮಾಡಿಕೊಂಡು ಓದಿದರು.

"ನೂರಾ ನಲವತ್ತು ಕೋಟಿ ದಿನ ರಜೆ. ನಾನಂತೂ ಇಷ್ಟು ಕೊಟ್ಟಿಲ್ಲ."

ದಿನಗಳ ಸಂಖ್ಯೆ ಇರಬೇಕಾದ ಜಾಗಕ್ಕೆ ಹೆಸರನ್ನು ನುಗ್ಗಿಸಿದ್ದರಿಂದ, ಆ ಹೆಸರು ಯಂತ್ರದ ನೆನಪಿನಲ್ಲಿ ಯಾವ ಮನೆಯಲ್ಲಿದೆಯೋ ಆ ಮನೆಯ ನಂಬರೇ ರಜೆಯಾಗಿ ಮುದ್ರಣವಾಗಿತ್ತು. ಎರಡನೆಯ ಚೀಟಿ ಬರಲೇ ಇಲ್ಲ. ಅಲ್ಲಿ ಹೆಸರಿನ ಜಾಗದಲ್ಲಿ ನಾಲ್ಕು ಎಂಬ ಸಂಖ್ಯೆ ಇತ್ತು. ವಿಧೇಯ ಯಂತ್ರ, ನಾಲ್ಕನೆಯ ನಂಬರಿನ ಮನೆಗೆ ಹೋಗಿ ಹೆಸರು ಕೇಳಿಕೊಂಡು ಬರಲು ಹೇಳಿದ್ದಾರೆಂದು ತಿಳಿದು ಹೊರಟು, ಕಾಲಿಡಬಾರದ ಜಾಗದಲ್ಲಿ ಕಾಲಿಟ್ಟು ಪ್ರಾಣ ಬಿಟ್ಟಿತ್ತು.

"ಕಂಪೈಲರ್ ಬಾಯಿ ಮುಚ್ಚಿಸಿದ್ಯಲ್ಲ, ಈಗ ಯಂತ್ರಾನೇ ಬಾಯಿ ಮುಚ್ಕೊಂಡಿದೆ ನೋಡು" ಎಂದಳು ಅಕ್ಕ. "ಬಲವಂತ ಎಲ್ಲಾ ತೆಗಿ. ಒಂದೊಂದಾಗಿ ಓದಿ ಸರಿ ಮಾಡು."

ಬಲವಂತ ತೆಗೆದದ್ದೇ ತಡ, ಬೋರ್ಡು ಮತ್ತೆ ಇನ್ನೂರು ಚಿಲ್ಲರೆಗೆ ಹಾರಿತು.

ಅಲ್ಲಿಂದ ಮುಂದೆ ಹುಷಾರಪ್ಪ ತಲೆಯೆತ್ತಲಿಲ್ಲ. ಒಂದು ಕಡೆ ಮೂರು ಖಾಲಿ ಜಾಗಕ್ಕೆ ಎರಡೇ ಸಾಮಾನು ಕೊಟ್ಟಿದ್ದ; ಇನ್ನೊಂದು ಕಡೆ ಜಾಗವಿಲ್ಲದ ಸಾಮಾನು ಬಾಗಿಲಲ್ಲಿ ನಿಂತಿತ್ತು. ತಾನು ಇಷ್ಟೊಂದು ತಪ್ಪು ಮಾಡಬಲ್ಲೆ ಎಂದು ಅವನಿಗೇ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಹುಷಾರು ಎಂಬ ಪದವನ್ನೇ ಇನ್ನು ಬಾಯಿಂದ ಆಡಬಾರದು ಎನ್ನಿಸಿತು. ಹಸಿವಾಗಿ ಡಬ್ಬಿಗೆ ಕೈ ಹಾಕಿದರೆ ಡಬ್ಬಿ ಹಗುರವಾಗಿತ್ತು.

"ನೀವು ಕೆಲಸದಲ್ಲಿದ್ರಿ" ಎಂದ ಸಲಹೆ ಬಾಯಿ ಒರೆಸಿಕೊಳ್ಳುತ್ತ. "ಊಟ ದಂಡ ಆಗ್ಬಾರದು ಅಂತ."

ನಾಲ್ಕು ಗಂಟೆ ದಾಟಿತು. ಹೆಂಡತಿಯ ಫೋನು.

"ಆಟೋ ಹತ್ತಿದೀನಿ. ಎರಡು ಪೆಟ್ಟಿಗೆ, ಒಂದು ಚೀಲ. ನನ್ನ ಕೈಯಲ್ಲಿ ಎತ್ತೋಕಾಗಲ್ಲ. ಬರ್ತೀರಲ್ಲ?"

"ಬಂದೆ ಅಂತಲೇ ತಿಳ್ಕೋ."

"ತಿಳ್ಕೊಳ್ಳೋದು ನಿಲ್ಲಿಸಿ ಬಹಳ ದಿನ ಆಯ್ತು" ಎಂದು ಅವಳು ಫೋನ್ ಇಟ್ಟಳು.

ಬೋರ್ಡಿನ ಮೇಲೆ ಒಂದಂಕಿ ಬಂದಿತ್ತು. ಆರು, ಐದು, ಮೂರು. ಕೊನೆಗೆ ಎರಡು. ಕಚೇರಿಯವರೆಲ್ಲ ಕೆಲಸ ಬಿಟ್ಟು ಅವನ ಬೆನ್ನ ಹಿಂದೆ ನಿಂತಿದ್ದರು. ಕಾರ್ಖಾನೆಯ ಅಧಿಕಾರಿಯ ಕಾರು ಗೇಟಿನೊಳಗೆ ಬಂದ ಸದ್ದಾಯಿತು. ಉಳಿದ ಆ ಎರಡು ವಾರ್ನಿಂಗೂ ರಜೆ ಚೀಟಿಯದ್ದೇ. ಕಾರ್ಖಾನೆಯವರು ನಡುವೆ ಒಮ್ಮೆ ವಾಕ್ಯ ಬದಲಾಯಿಸಿ ಎಂದಿದ್ದರು. ಹುಷಾರಪ್ಪ ವಾಕ್ಯ ಬದಲಾಯಿಸಿದ್ದನೇ ಹೊರತು ಹಿಂದಿನ ಸಾಮಾನನ್ನು ಮುಟ್ಟಿರಲಿಲ್ಲ. ಈಗ ವಾಕ್ಯದಲ್ಲಿ ಮೊದಲು ಹೆಸರು, ಆಮೇಲೆ ದಿನ, ಆಮೇಲೆ ಇನ್ನೊಂದು ಹೆಸರು. ಸಾಮಾನಿನ ಸಾಲಿನಲ್ಲಿ ಎರಡು ಹೆಸರು ಮುಂದೆ, ದಿನದ ಸಂಖ್ಯೆ ಹಿಂದೆ.

"ಸಂಖ್ಯೆ ಎತ್ತಿ ನಡುವೆ ಇಡಿ, ಅಷ್ಟೇ" ಎಂದ ಸಲಹೆ.

ಜೀವಮಾನದಲ್ಲಿ ಮೊದಲ ಸಲ ಸಲಹೆ ಒಳ್ಳೆಯ ಸಲಹೆ ಕೊಟ್ಟ ಎನ್ನಿಸಿತು ಹುಷಾರಪ್ಪನಿಗೆ. ಸಂಖ್ಯೆಯನ್ನು ಎತ್ತಿ ಎರಡು ಹೆಸರುಗಳ ನಡುವೆ ಇಟ್ಟ. ಬೋರ್ಡಿನ ಮೇಲೆ ಸೊನ್ನೆ ಬಂತು. ಚಪ್ಪಾಳೆ ಬಿತ್ತು. ಅಕ್ಕ ಚೀಟಿಯೊಂದನ್ನು ಮುದ್ರಿಸಿ, ಹೆಸರಿನ ಜಾಗದಲ್ಲಿ ಹೆಸರು, ದಿನದ ಜಾಗದಲ್ಲಿ ನಾಲ್ಕು ಇರುವುದನ್ನು ನೋಡಿ, "ಆಯ್ತಪ್ಪಾ, ಸರಿ ಇದೆ" ಎಂದು ಕೈಚೀಲ ಹೆಗಲಿಗೆ ಹಾಕಿಕೊಂಡು, ಯಂತ್ರವನ್ನು ಗೇಟಿಗೆ ಜೋಡಿಸುವ ಮೊದಲೇ ತನ್ನ ಸ್ಕೂಟರಿನಲ್ಲಿ ಮನೆಗೆ ಹೊರಟಳು. ಪರೀಕ್ಷೆಯ ಚೀಟಿಯಲ್ಲಿ ಅವಳು ಎರಡೂ ಕಡೆ ತನ್ನ ಹೆಸರನ್ನೇ ಕೊಟ್ಟಿದ್ದಳು.

ಗೇಟಿನ ಬಳಿ ಕಾರ್ಖಾನೆಯ ಅಧಿಕಾರಿ ಕೈಕಟ್ಟಿ ನಿಂತಿದ್ದರು. ಮ್ಯಾನೇಜರು ಬೆಳಗಿನ ವಾಕ್ಯವನ್ನು ಅವರಿಗೆ ಎರಡು ಸಲ ಓದಿ ಹೇಳಿದರು. "ಇದರಲ್ಲಿ ಒಂದೂ ವಾರ್ನಿಂಗ್ ಇಲ್ಲ ಸರ್. ಕಣ್ಣು ಮುಚ್ಕೊಂಡು ನಂಬಬಹುದು. ಇದನ್ನ ಹೇಳಿದ್ದು ನಮ್ಮ ಇವರೇ." ಹುಷಾರಪ್ಪ ವಿನಯದಿಂದ ತಲೆ ತಗ್ಗಿಸಿದ. ಗೇಟಿನ ಆಚೆ ಆಟೋ ನಿಂತಿತ್ತು. ಒಳಗಿಂದ ಹೆಂಡತಿ ಕತ್ತು ಚಾಚಿ ನೋಡುತ್ತಿದ್ದಳು. ಅವನು ಕೈ ಬೀಸಿದ. ಅವಳೂ ಬೀಸಿದಳು, ಮುಖದಲ್ಲಿ ನಗುವೂ ಇತ್ತು. ಬಾಮೈದನ ಮದುವೆಯಾದ ಮೇಲೆ ಆ ನಗುವನ್ನು ಅವನು ಕಂಡಿರಲಿಲ್ಲ. ಅವನ ಕಣ್ಣು ತುಸು ಒದ್ದೆಯಾಯಿತು.

ಮ್ಯಾನೇಜರು ಗುಂಡಿ ಒತ್ತಿದರು. ಚೀಟಿ ಬಂತು. ಗೇಟು ಕಾಯುವವನು ಅದನ್ನು ಹರಿದು ಗಟ್ಟಿಯಾಗಿ ಓದಿದ. ರಜೆ ಮಂಜೂರಾಗಿದ್ದದ್ದು ಸಲಹೆಗೆ, ನಾಲ್ಕು ದಿನ. ಅವನ ಬದಲಿಗೆ ಕೆಲಸ ನೋಡಿಕೊಳ್ಳುವವನು ಹುಷಾರಪ್ಪ.

ಹುಷಾರಪ್ಪನಿಗೆ ಒಂದು ಕ್ಷಣದಲ್ಲಿ ಎಲ್ಲವೂ ಹೊಳೆಯಿತು. ಹಳೆಯ ವಾಕ್ಯದಲ್ಲಿ ಬದಲಿಯವನ ಹೆಸರೇ ಮೊದಲು ಬರುತ್ತಿತ್ತು. ಸಂಖ್ಯೆಯನ್ನು ನಡುವೆ ಇಟ್ಟನೇ ಹೊರತು ಹೆಸರುಗಳನ್ನು ಅದಲುಬದಲು ಮಾಡಿರಲಿಲ್ಲ. ಹೆಸರಿನ ಜಾಗದಲ್ಲಿ ಹೆಸರಿದೆ. ಅದು ಯಾರದೆಂದು ಕೇಳುವುದು ಕಂಪೈಲರ್‌ನ ಕೆಲಸವಲ್ಲ.

"ಸರ್, ತಿರುಗುಮುರುಗು ಆಗಿದೆ, ಒಂದೇ ನಿಮಿಷ..."

ಮ್ಯಾನೇಜರು ನಗುಮುಖ ಕದಲಿಸದೆ ಅವನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದರು. "ಸುಮ್ನಿರ್ರಿ. ಅವರ ಎದುರಿಗೆ ತಪ್ಪಾಗಿದೆ ಅಂದ್ರೆ ಆರ್ಡರೇ ಹೋಗುತ್ತೆ. ವಾರ್ನಿಂಗ್ ಇಲ್ಲದಿದ್ರೆ ಸರಿ ಅಂತ ನೀವೇ ಹೇಳಿದ್ದು, ಗೋಡೆ ಮೇಲಿದೆ."

"ನನ್ನ ನಾದಿನಿ ಮದುವೆ ಸರ್."

"ತಿದ್ದೋದು ಇದ್ರೆ ಅವರು ಹೋದ್ಮೇಲೆ ತಿದ್ದಿ. ಆಮೇಲೆ ನಾಳೆ ಅಕ್ಕ ಬಂದು ಪರೀಕ್ಷೆ ಮಾಡ್ಬೇಕು. ಅದೂ ನಿಯಮ."

ಹುಷಾರಪ್ಪ ಗೇಟಿನ ಕಡೆ ನುಗ್ಗಿದ. ಕಾರ್ಡು ಒತ್ತಿದ. ಗೇಟು ಜಪ್ಪಯ್ಯ ಎನ್ನಲಿಲ್ಲ.

"ಚೀಟಿಲಿ ಇರೋರು ಹೋಗ್ಬಹುದು ಸಾರ್" ಎಂದ ಗೇಟು ಕಾಯುವವನು. "ನೀವು ಇರೋರು, ಅವರು ಹೋಗೋರು."

ಸಲಹೆ ಕಾರ್ಡು ಒತ್ತಿದ. ಗೇಟು ಮೆಲ್ಲಗೆ ತೆರೆದುಕೊಂಡಿತು. "ಯಾರ ಮುಲಾಜೂ ನೋಡಲ್ಲ. ನಮಗೆ ಇಂಥದ್ದೇ ಬೇಕಾಗಿತ್ತು" ಎಂದು ಕಾರ್ಖಾನೆಯ ಅಧಿಕಾರಿ ಬಹಳ ಮೆಚ್ಚಿಕೊಂಡರು.

ಸರಳಿನ ಈಚೆ ನಿಂತು ಹುಷಾರಪ್ಪ ಹೆಂಡತಿಗೆ ಎಲ್ಲವನ್ನೂ ಹೇಳಲು ಹೊರಟ. ವಾಕ್ಯ, ಖಾಲಿ ಜಾಗ, ಸಾಮಾನಿನ ಸಾಲು ಎಂದೆಲ್ಲ ತೊದಲಿದ. ಅವಳು ಪೂರ್ತಿ ಕೇಳಿಸಿಕೊಂಡಳು. ಬೈಯುತ್ತಾಳೇನೋ ಎಂದು ಅವನು ಕಾದ. ಅವಳು ಗಡಿಯಾರ ನೋಡಿಕೊಂಡಳು.

ಸಲಹೆ ಆಟೋದ ಬಳಿ ಹೋಗಿ ನಿಂತು, ಸಂಕೋಚದಿಂದ ಎಂಬಂತೆ ಕೆಮ್ಮಿದ.

"ಮೇಡಂ, ಪೆಟ್ಟಿಗೆ ಭಾರ ಇದೆ ಅನ್ನಿಸುತ್ತೆ. ನನಗೂ ನಾಲ್ಕು ದಿನ ಬೇರೆ ಕೆಲಸ ಇಲ್ಲ. ಟಿಕೆಟ್ ಸುಮ್ಮನೆ ದಂಡ ಆಗ್ಬಾರದು."

ಅವಳು ಗಂಡನನ್ನು ಒಮ್ಮೆ ನೋಡಿದಳು, ಪೆಟ್ಟಿಗೆಗಳನ್ನು ಒಮ್ಮೆ ನೋಡಿದಳು, ಸರಿದು ಜಾಗ ಕೊಟ್ಟಳು. ಆಟೋ ಹೊರಟಿತು.

ಕಾರ್ಖಾನೆಯವರು ಹೋದ ಮೇಲೆ ಹುಷಾರಪ್ಪ ಖಾಲಿ ಹಾಲಿಗೆ ಬಂದು ಎರಡು ಹೆಸರುಗಳನ್ನು ಅದಲುಬದಲು ಮಾಡಿದ. ಕಂಪೈಲರ್ ಏನೂ ಅನ್ನಲಿಲ್ಲ. ತಪ್ಪಿದ್ದಾಗಲೂ ಅದು ಹೀಗೇ ಸುಮ್ಮನಿತ್ತು. ಬೋರ್ಡಿನ ಮೇಲೆ ಸೊನ್ನೆ ಹಾಗೇ ಹೊಳೆಯುತ್ತಿತ್ತು.

ಮಾರನೆಯ ದಿನ ಮಧ್ಯಾಹ್ನ, ಸಲಹೆ ಮಾಡಬೇಕಾಗಿದ್ದ ಆಸ್ಪತ್ರೆಯ ಟೋಕನ್ನಿನ ಕೋಡನ್ನು ತಿದ್ದುತ್ತ ಕೂತಿದ್ದಾಗ ಫೋನಿಗೆ ಒಂದು ಫೋಟೋ ಬಂತು. ಮನೆಮಂದಿಯೆಲ್ಲ ಸಾಲಾಗಿ ಕೂತಿದ್ದರು. ಹೆಂಡತಿಯ ಪಕ್ಕದ ಕುರ್ಚಿಯಲ್ಲಿ, ಹುಷಾರಪ್ಪ ಮದುವೆಗೆಂದೇ ಹೊಲಿಸಿ ಪೆಟ್ಟಿಗೆಯಲ್ಲಿ ಇಡಿಸಿದ್ದ ಹೊಸ ಅಂಗಿ ತೊಟ್ಟು, ಸಲಹೆ ಕೂತಿದ್ದ. ಅಂಗಿ ದಂಡವಾಗಬಾರದು ಎಂದು ತೊಟ್ಟಿರಬೇಕು. ಅಳತೆ ಸರಿಯಾಗಿಯೇ ಹೊಂದಿತ್ತು.

ಫೋಟೋದ ಕೆಳಗೆ ಹೆಂಡತಿ ಒಂದೇ ಸಾಲು ಬರೆದಿದ್ದಳು: "ಈ ಸಲ ಕುರ್ಚಿ ಖಾಲಿ ಇಲ್ಲ. ದೊಡ್ಡದು ಮಾಡಿಸೋಕೆ ಕೊಟ್ಟಿದೀನಿ."